ಅರ್ಜಿ ರಾಯರು ಕಲಿಸಿದ ಸುನೀತ

ಅವರ ಎರಡೂ ತೋರುಬೆರಳುಗಳ ತುದಿ ಸದಾ ನೀಲಿ. ಕಾರ್ಬನ್ ಹಾಳೆಯ ಆ ಬಣ್ಣ ಎಷ್ಟು ಸಾಬೂನು ಹಚ್ಚಿದರೂ ಹೋಗುತ್ತಿರಲಿಲ್ಲ. ಅದಕ್ಕೇ ಮಧ್ಯಾಹ್ನದ ಅವಲಕ್ಕಿಯನ್ನು ಚಮಚದಲ್ಲಿ ತಿನ್ನುತ್ತಿದ್ದರು. ಚಿತ್ತಾಪುರದ ತಹಸೀಲ್ ಕಚೇರಿಯ ಎದುರು ಟೈಪ್‌ರೈಟರ್ ಇಟ್ಟುಕೊಂಡು ಸುತ್ತಲ ಹಳ್ಳಿಗಳವರಿಗೆ ಅರ್ಜಿ ಬರೆದುಕೊಡುತ್ತಿದ್ದ ಅವರನ್ನು ಎಲ್ಲರೂ ಅರ್ಜಿ ರಾಯರು ಎನ್ನುತ್ತಿದ್ದರು.

ತೊಂಬತ್ತರ ದಶಕದ ಮಾತು. ಅವ್ವ ತೀರಿಕೊಂಡು ಎರಡು ತಿಂಗಳಾಗಿತ್ತು. ಅವಳ ಹೆಸರಿನಲ್ಲಿದ್ದ ಹೊಲದ ತುಂಡೊಂದರ ಕಾಗದಕ್ಕಾಗಿ ಅಪ್ಪನೂ ನಾನೂ ಗುಂಡಗುರ್ತಿಯಿಂದ ಅವರ ಹತ್ತಿರ ಹೋಗಿದ್ದೆವು. ನಾನು ಕೊಟ್ಟ ಕಾಗದಗಳ ನಡುವೆ ಅವ್ವನ ಮೇಲೆ ಬರೆದ ನಾಲ್ಕು ಪುಟದ ಕವಿತೆಯೂ ಸೇರಿಹೋಗಿತ್ತು. ರಾಯರು ಅದನ್ನೂ ಅಷ್ಟೇ ಗಮನವಿಟ್ಟು ಓದಿದರು. ನನಗೆ ಜೀವವೇ ಹೋದಂತಾಯಿತು.

“ಕಣ್ಣೀರ ಕಡಲು ಅಂತ ಬರದೀಯಲ್ಲ ತಂಗಿ, ಗುಂಡಗುರ್ತ್ಯಾಗ ಕಡಲು ಎಲ್ಲಿ ಅದ?” ಎಂದರು. ಮತ್ತೆ ಮೆಲ್ಲಗೆ, “ಇದ್ರಾಗ ಅಳೂದು ಭಾಳ ಅದ, ನಿಮ್ಮವ್ವ ಇಲ್ಲ. ಶನಿವಾರ ಬಾ. ಹದಿನಾಲ್ಕು ಸಾಲಿನಾಗ ಹ್ಯಾಂಗ ಹೇಳೂದು ತೋರಸ್ತೀನಿ.”

ಹದಿನಾಲ್ಕು ಸಾಲಿನ ಸುನೀತದ ಹೆಸರನ್ನು ಕಾಲೇಜಿನಲ್ಲಿ ಕೇಳಿದ್ದೆ, ಪರೀಕ್ಷೆಯಲ್ಲಿ ಅದರ ಲಕ್ಷಣವನ್ನೂ ಬರೆದಿದ್ದೆ. ಬರೆಯುವುದನ್ನು ಕಲಿತದ್ದು ಮಾತ್ರ ಆ ಮೇಜಿನ ಪಕ್ಕದಲ್ಲಿ, ಎರಡು ಅರ್ಜಿಗಳ ನಡುವಿನ ಬಿಡುವಿನಲ್ಲಿ. ನೀಲಿ ಬೆರಳಿನಿಂದ ಮೇಜಿನ ಅಂಚಿಗೆ ಮಾತ್ರೆ ತಟ್ಟುತ್ತ ಹೇಳುತ್ತಿದ್ದರು: “ಇದೂ ಅರ್ಜೀನ ತಿಳ್ಕೊ. ಮೊದಲ ಎಂಟು ಸಾಲಿನಾಗ ಏನಾಗ್ಯಾದ ಹೇಳು. ಒಂಬತ್ತನೇದಕ್ಕ ಹೊರಳು. ಉಳದ ಆರರಾಗ ನಿನಗೇನು ಬೇಕು ಅದನ್ನ ಕೇಳು.”

ಎಂಟು ಸಾಲು ಹೇಗೋ ಕುದುರಿದವು. ಆರು ಸಾಲು ಕುದುರಲಿಲ್ಲ. ‘ಮರಳಿ ಬಾ ಅವ್ವ’ ಎಂದು ನಾನು ಬರೆದುಕೊಂಡು ಹೋದಾಗಲೆಲ್ಲ ಅಡ್ಡಗೆರೆ ಎಳೆದರು. “ಆಗೂದು ಕೇಳು. ಆಗಲಾರದ್ದು ಕೇಳಿದ್ರ ಅರ್ಜಿ ಯಾರ ತಗೋತಾರ?” ನನಗೆ ಸಿಟ್ಟು ಬಂತು. ಸತ್ತವರ ಮುಂದೆಯೂ ಕಚೇರಿಯ ಕಾಯಿದೆಯೇ ಎಂದು ಜಗಳವಾಡಿದೆ. ಜಗಳವಾಡುತ್ತಲೇ ಅತ್ತು, ಯಾರಿಗೂ ಹೇಳದ್ದನ್ನು ಹೇಳಿಬಿಟ್ಟೆ.

ಅವ್ವ ಹೋದ ದಿನ ನಾನು ವಾಡಿಯಲ್ಲಿದ್ದೆ. ಸೋದರಮಾವನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದುಕೊಂಡು ಬಿ.ಎ. ಪರೀಕ್ಷೆ ಬರೆಯುತ್ತಿದ್ದೆ. ಅವಳಿಗೆ ಜ್ವರವೆಂದು ಗೊತ್ತಿತ್ತು, ಆದರೂ ಹೋಗಿರಲಿಲ್ಲ. ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಅಪ್ಪ ಅವ್ವನ ಸುದ್ದಿ ಎತ್ತಿರಲಿಲ್ಲ, ನನ್ನ ಕಡೆ ನೆಟ್ಟಗೆ ನೋಡಿಯೂ ಇರಲಿಲ್ಲ. ನನ್ನ ಮೇಲಿನ ಸಿಟ್ಟು ಅದು ಎಂದೇ ನಾನು ನಂಬಿದ್ದೆ.

ರಾಯರು ಟೈಪ್‌ರೈಟರಿನಲ್ಲಿದ್ದ ಹಾಳೆಯನ್ನು ಎಳೆದು ಬದಿಗಿಟ್ಟರು. “ಹಂಗಿದ್ರ ಅರ್ಜಿ ನಿಮ್ಮವ್ವಗಲ್ಲ. ನಿಮ್ಮಪ್ಪಗ.”

ಆರು ಸಾಲು ಅಂದೇ ಬಂದವು. ಕೊನೆಯ ಎರಡು ಹೀಗಿದ್ದವು:

ಕೊನೆಗವಳು ಏನೆಂದಳೆಂಬುದನು ಹೇಳಪ್ಪ,
ಬೈದಿದ್ದರೂ ಸರಿಯೆ, ಸುಮ್ಮನಿರಬೇಡಪ್ಪ.

“ಬರದು ಮನ್ಯಾಗ ಇಟಗೊಂಡ್ರ ಅರ್ಜಿ ಆಗ್ತದೇನು? ಮುಟ್ಟಸು” ಎಂದು ತಾವೇ ಟೈಪ್ ಮಾಡಿ ಕೈಗಿತ್ತರು. ಅಪ್ಪನಿಗೆ ಓದು ಬಾರದು ಎಂಬುದೇ ನನಗೆ ಧೈರ್ಯ. ಮರುದಿನ ಬೆಳಿಗ್ಗೆ ಕಾಗದವನ್ನು ಅವನ ಕೈಗೆ ತುರುಕಿ ಮಾವನ ಮನೆಗೆಂದು ವಾಡಿಯ ಬಸ್ಸು ಹಿಡಿದೆ.

ಟೈಪಾದ ಕಾಗದ ಬಂದರೆ ನಮ್ಮ ಕಡೆಯವರು ಏನು ಮಾಡುತ್ತಾರೋ ಅಪ್ಪನೂ ಅದನ್ನೇ ಮಾಡಿದ. ಹೊಲದ ಕಾಗದವೇ ಇರಬೇಕೆಂದು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಚಿತ್ತಾಪುರಕ್ಕೆ ಹೋಗಿ, ಓದಿಸಲು ರಾಯರ ಮುಂದೆಯೇ ಕುಳಿತ. ಅದು ನನ್ನ ತಲೆಗೆ ಹೊಳೆದಿರಲೇ ಇಲ್ಲ. ರಾಯರಿಗೆ ಹೊಳೆದಿತ್ತೇನೋ, ನಾನು ಕೇಳಲಿಲ್ಲ.

ಮುಂದಿನ ಶನಿವಾರ ರಾಯರು ಟೈಪಾದ ಹಾಳೆಯೊಂದನ್ನು ಮುಂದಿಟ್ಟರು. “ನಿನ್ನ ಅರ್ಜಿಗೆ ಜವಾಬು ಬಂದದ” ಎಂದಷ್ಟೇ ಹೇಳಿ ಎದ್ದು ಚಹಾದಂಗಡಿಗೆ ಹೋದರು. ಕೆಳಗೆ ಅಪ್ಪನ ಹೆಬ್ಬೆಟ್ಟು ಇತ್ತು. ಅಪ್ಪನ ಮಾತು ಅಪ್ಪನ ಬಾಯಿಂದ ಬಂದ ಹಾಗೆಯೇ ಇತ್ತು:

“ಮಗಳನ್ನ ಕರಸ್ರಿ ಅಂತ ಎರಡು ಸಲ ಅಂದ್ಲು. ನಾ ಕರಸಲಿಲ್ಲ. ಪರೀಕ್ಷಾ ಕೆಡ್ತದ, ಇಕಿ ಆರಾಮ ಆಗ್ತಾಳ ಅಂತ ತಿಳದಿದ್ದೆ. ನಿನಗ ಬೈದಿಲ್ಲವ್ವ. ತಪ್ಪು ನಂದದ. ಅದಕ್ಕ ನಿನ್ನ ಮಾರಿ ನೋಡ್ಲಿಕ್ಕ ಆಗವಲ್ದು.”

ಜನರೆಲ್ಲ ನೋಡುತ್ತಿದ್ದರೂ ನಾಚದೆ ಅತ್ತೆ. ರಾಯರು ಬಂದಾಗ, “ಭಾಷಾ ನೀವು ತಿದ್ದಲಿಲ್ಲೇನ್ರಿ?” ಎಂದೆ. “ಅದ್ರಾಗ ತಿದ್ದೂದೇನದ?” ಎಂದು ಚಹಾದ ಲೋಟ ನನ್ನ ಕಡೆ ಸರಿಸಿದರು. ಅಂದು ಸಂಜೆ ನಾನೂ ಅಪ್ಪನೂ ಒಂದೇ ತಾಟಿನಲ್ಲಿ ಉಂಡೆವು.

ಆಮೇಲೆ ನಾನು ಶಹಾಬಾದಿನಲ್ಲಿ ಕನ್ನಡ ಪಾಠ ಹೇಳುವವಳಾದೆ. ಸುನೀತ ಕಲಿಸುವಾಗ ರಾಯರ ಮಾತುಗಳನ್ನೇ ಹೇಳುತ್ತೇನೆ. ಇನ್ನೂ ಒಳ್ಳೆಯ ಮಾತು ನನಗೆ ಸಿಕ್ಕಿಲ್ಲ. ಅವರು ಬರೆದ ಒಂದು ಸುನೀತವನ್ನೂ ನಾನು ನೋಡಲಿಲ್ಲ. ಕೇಳಿದಾಗಲೆಲ್ಲ “ಮಂದಿ ಅರ್ಜಿ ಮುಗೀಲಿ” ಎನ್ನುತ್ತಿದ್ದರು.

ಕಚೇರಿಯ ಎದುರು ಕಂಪ್ಯೂಟರ್ ಅಂಗಡಿಗಳು ಎದ್ದ ಮೇಲೆ ಅವರು ಸೇಡಂನ ಮಗಳ ಮನೆ ಸೇರಿದರು. ಅಲ್ಲಿಯೇ ತೀರಿಕೊಂಡರು. ಸುದ್ದಿ ತಿಳಿದ ದಿನ ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಮತ್ತೆ ತಿಂಗಳುಗಟ್ಟಲೆ ಮೌನ ಹಿಡಿಯುತ್ತಾನೇನೋ ಎಂದು ನನಗೆ ಒಳಗೊಳಗೇ ಹೆದರಿಕೆ. ಅಪ್ಪ ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ನಂತರ, “ಹಾಳಿ ತಗೊಂಡು ಬಾ. ಅವ್ರ ಬಗ್ಗೆ ನಾ ಹೇಳ್ತೀನಿ, ನೀ ಬರಕೊ” ಎಂದ.