ಕುಷ್ಟಗಿಯಲ್ಲಿ ತೊಟ್ಟಿಲು, ಗಂಗಾವತಿಯಲ್ಲಿ ಗುದ್ದು

ಕಳೆದ ವರ್ಷದ ಶ್ರಾವಣ. ಮೊದಲ ವಾರವೋ ಎರಡನೆಯದೋ ಎಂದು ಖಚಿತವಾಗಿ ಹೇಳಲಾರೆ. ದಿನಚರಿ ಬರೆಯುವ ಅಭ್ಯಾಸವಿದ್ದೂ ಆ ದಿನಗಳಲ್ಲಿ ನಾನು ಏನೂ ಬರೆದಿಲ್ಲ. ಗಂಗಾವತಿಯ ನಮ್ಮ ಮನೆಯ ಮೆಟ್ಟಿಲಿನಿಂದ ಜಾರಿ ಬಿದ್ದು ಎಡಗಾಲಿನ ಎಲುಬು ಮುರಿದಿತ್ತು. ಕೈಯಲ್ಲಿದ್ದ ಮೊಬೈಲೂ ಒಡೆದಿತ್ತು. ಅದೇ ಹೊತ್ತಿಗೆ ಕುಷ್ಟಗಿಯಲ್ಲಿ, ತಮ್ಮನ ಹೆಂಡತಿಯ ತವರಿನಲ್ಲಿ, ಅವರ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಗೊತ್ತಾಗಿತ್ತು.

ನಮ್ಮಲ್ಲಿ ಹೆಸರು ಕರೆಯುವುದು ಸೋದರತ್ತೆ. ಕೂಸಿನ ಕಿವಿಯ ಹತ್ತಿರ ಬಾಯಿಟ್ಟು ‘ಕುರ್ರ್’ ಎಂದು ಹೆಸರು ಹೇಳಬೇಕು. ಹೇಳಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ತಮ್ಮನಿಗೆ ಒಡಹುಟ್ಟಿದವಳು ನಾನೊಬ್ಬಳೇ. ಹೆಸರು ಆರಿಸಿದವಳೂ ನಾನೇ. ಡಾಕ್ಟರು ಪ್ರಯಾಣ ಬೇಡವೆಂದಿದ್ದರಿಂದ ಲ್ಯಾಪ್‌ಟಾಪಿನಲ್ಲಿ ವಿಡಿಯೊ ಕರೆ ಮಾಡಿ ಹೆಸರು ಕರೆಯುವುದೆಂದು ತೀರ್ಮಾನವಾಯಿತು. ಬರೀ ದನಿ ಸಾಲದು, “ಅತ್ತಿ ಮಾರಿ ಕಾಣಬೇಕು” ಎಂದು ಅವ್ವನ ಹಠ.

ನನ್ನ ಗಂಡ ಬೆಳಿಗ್ಗೆಯೇ ಕುಷ್ಟಗಿಗೆ ಹೋದರು. ನನ್ನ ಜೊತೆಗಿರಲು ಪಕ್ಕದ ಮನೆಯ ಶಮ್ಶಾದಕ್ಕ ಬಂದರು. ಬಟ್ಟೆ ಹೊಲಿಯುವವರು, ನಾನು ಬಿದ್ದ ದಿನ ಎತ್ತಿ ಕೂರಿಸಿದವರು. ಶಾಲೆಯಲ್ಲಿ ಕಲಿಸುವ ನನ್ನನ್ನು ‘ಅಕ್ಕೋರ’ ಎಂದೇ ಕರೆಯುತ್ತಾರೆ.

ಹಿಂದಿನ ದಿನ ಮಲಗಿ ಮಲಗಿ ಬೇಸರವಾಗಿ ನಾನೊಂದು ಕೆಲಸ ಮಾಡಿದ್ದೆ. ಆಪರೇಟಿಂಗ್ ಸಿಸ್ಟಮ್ಮಿನ ಹೊಸ ಆವೃತ್ತಿ ಹಾಕಿಕೊಳ್ಳಲೇ ಎಂದು ಲ್ಯಾಪ್‌ಟಾಪು ಎಷ್ಟೋ ದಿನದಿಂದ ಕೇಳುತ್ತಿತ್ತು. ಆಗಲಿ ಎಂದು ಒತ್ತಿಬಿಟ್ಟಿದ್ದೆ. ಮರುದಿನ ಕರೆ ಜೋಡಿಸಿದಾಗ ಹೂ ಕಟ್ಟಿದ ತೊಟ್ಟಿಲು, ಅವ್ವ, ಎಲ್ಲ ಚೆನ್ನಾಗಿಯೇ ಕಂಡವು. ಸ್ವಲ್ಪ ಹೊತ್ತಿಗೆ ವೈಫೈ ಹೋಯಿತು. ಬಂತು. ಮತ್ತೆ ಹೋಯಿತು. ಶಮ್ಶಾದಕ್ಕನಿಗೆ ಹೇಳಿ ರೂಟರ್ ಆರಿಸಿ ಹಚ್ಚಿಸಿದೆ. ವೈಫೈ ಹೆಸರನ್ನೇ ಅಳಿಸಿ ಪಾಸ್‌ವರ್ಡ್ ಹೊಸದಾಗಿ ಹಾಕಿದೆ. ರೀಸ್ಟಾರ್ಟ್ ಮಾಡಿದೆ. ಪ್ರತಿ ಸಲವೂ ಆಸೆ ಹುಟ್ಟಿಸಿ ಕೈಕೊಡುತ್ತಿತ್ತು.

ಸಂಪರ್ಕ ಬಂದಾಗಲೆಲ್ಲ ಕುಷ್ಟಗಿಯ ಮಾತು ತುಂಡು ತುಂಡಾಗಿ ಕೇಳುತ್ತಿತ್ತು. “ಅತ್ತಿ ಎಲ್ಲಿ ಹೋದ್ಲು?” “ಹೆಸರ ಮರ್ತಾಳೇನ ಕೇಳ್ರಿ!” ದೊಡ್ಡಪ್ಪನ ಮಗಳು ರೇಣುಕಾ ಪರದೆಗೆ ಮುಖ ತಂದು, “ಅಕ್ಕಾ, ಆಗ್ಲಿಲ್ಲಂದ್ರ ನಾ ಕರೀತೀನಿ ಬಿಡು. ನನ್ನ ಬೆನ್ನ ಗಟ್ಟಿ ಐತಿ” ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅವ್ವ ನಗದೆ, “ಹೊತ್ತು ಮೀರತೈತಿ. ಇನ್ನೊಮ್ಮಿ ನೋಡೂಣು, ಇಲ್ಲಂದ್ರ ರೇಣುಕಾನ ಕರೀಲಿ” ಎಂದಳು. ಅಷ್ಟರಲ್ಲಿ ಪರದೆ ಮತ್ತೆ ನಿಂತಿತು.

ತಲೆ ತಿರುಗಿಸಿದರೆ ಶಮ್ಶಾದಕ್ಕ ನನ್ನ ಕುರ್ಚಿಯ ಪಕ್ಕ ಬಗ್ಗಿ ಚಾರ್ಜರಿನ ವೈರು ಸುತ್ತುತ್ತಿದ್ದರು.

“ಏನ್ ಮಾಡಾಕತ್ತೀರಿ?”

“ಈ ವೈಯರಿಗೆ ಸಿಕ್ಕು ಇನ್ನೊಂದು ಕಾಲೂ ಮುರ್ಕೊಳ್ಳಾವ್ರೇನ್ರಿ? ಆಗಿಂದ ನಾ ತೆಗ್ಯಾಕತ್ತೀನಿ, ನೀವು ಮತ್ತ ಮತ್ತ ಹಚ್ಚತೀರಿ!”

ನಿಜ. ರೀಸ್ಟಾರ್ಟ್ ಮಾಡುವಾಗಲೆಲ್ಲ ಅಭ್ಯಾಸಬಲದಿಂದ ಪ್ಲಗ್ ಚುಚ್ಚುತ್ತಿದ್ದೆ. ಅದನ್ನು ಕಿತ್ತದ್ದು ಯಾರೆಂದು ಯೋಚಿಸಿಯೇ ಇರಲಿಲ್ಲ. ಆಗ ಹೊಳೆಯಿತು. ಚಾರ್ಜರ್ ಇದ್ದಾಗ ವೈಫೈ ಸರಿಯಾಗಿರುತ್ತಿತ್ತು. ಬ್ಯಾಟರಿಗೆ ಬಂದ ಕೂಡಲೇ ಹೋಗುತ್ತಿತ್ತು. ಅಂದಮೇಲೆ ಕುರ್ಚಿಯನ್ನು ಗೋಡೆಗೆ ತಾಗಿಸಿ, ಪ್ಲಗ್ ಹಾಕಿಕೊಂಡೇ ಕೂತರೆ ಮುಗಿಯಿತು ಎಂದೆ. ಶಮ್ಶಾದಕ್ಕ ಒಪ್ಪಲಿಲ್ಲ.

“ಗ್ವಾಡಿಗೆ ಬೆನ್ನ ಹಚ್ಚಿ ಕುಂತ್ರ ನಾ ಎಲ್ಲಿ ಗುದ್ದಲ್ರಿ ಅಕ್ಕೋರ? ಕುಷ್ಟಗಿ ಹೆಂಗಸ್ರ ಕೈ ಇಲ್ಲೀತನಾ ಬರತಾವೇನು?”

ಗುದ್ದುವವರಿಲ್ಲವೆಂಬುದು ನನಗೆ ನೆನಪೇ ಇರಲಿಲ್ಲ. ಅವರು ಅದಕ್ಕೆ ತಯಾರಾಗಿಯೇ ಬಂದಿದ್ದರು! ನನ್ನನ್ನು ಕುರ್ಚಿಸಮೇತ ನಡುಮನೆಗೆ ಎಳೆದರು. ವೈರು ಅಲ್ಲಿಗೆ ಎಟುಕುತ್ತಿರಲಿಲ್ಲ.

ಸೆಟ್ಟಿಂಗ್ಸ್ ತೆರೆದು ವಿದ್ಯುತ್ ಬಳಕೆಯ ಭಾಗವನ್ನು ಹುಡುಕಿದೆ. ಅಲ್ಲಿ ವೈರ್‌ಲೆಸ್ ಎಂಬುದರ ಕೆಳಗೆ, ಚಾರ್ಜರ್ ಇದ್ದಾಗ ಪೂರ್ತಿ ಶಕ್ತಿ, ಬ್ಯಾಟರಿಯಲ್ಲಿದ್ದಾಗ ಆದಷ್ಟು ಉಳಿತಾಯ ಎಂದಿತ್ತು. ಹೊಸ ಆವೃತ್ತಿ ತಾನೇ ಹಾಗೆ ಮಾಡಿಕೊಂಡಿತ್ತೇನೋ. ಎರಡಕ್ಕೂ ಪೂರ್ತಿ ಶಕ್ತಿ ಎಂದು ಬದಲಿಸಿ ಕರೆ ಜೋಡಿಸಿದೆ. ಅವ್ವ ಕಂಡಳು. ಕಾಣುತ್ತಲೇ ಇದ್ದಳು.

“ಲಗೂ ಕರಿಯವ್ವಾ, ಮತ್ತ ಹೋದೀತು!”

ತಮ್ಮನು ಫೋನನ್ನು ತೊಟ್ಟಿಲೊಳಗೆ ಹಿಡಿದ. ಪರದೆ ತುಂಬ ಒಂದು ಪುಟ್ಟ ಕೆಂಪು ಕಿವಿ. ಪರದೆಗೆ ಬಾಯಿ ಹಚ್ಚಿ, “ಕುರ್ರ್ರ್... ಅವನಿ!” ಎಂದೆ.

ಬೆನ್ನ ಮೇಲೆ ಧಡ್ ಎಂದು ಗುದ್ದು ಬಿತ್ತು. ಅತ್ತ ಬೆನ್ನು ಸಿಗದ ಕುಷ್ಟಗಿಯ ಹೆಂಗಸರು ತೊಟ್ಟಿಲಿಗೆ ಬಗ್ಗಿದ್ದ ತಮ್ಮನ ಮೇಲೆಯೇ ಬಿದ್ದರು. “ಅಯ್ಯೋ, ನಾ ಅಪ್ಪ ಅದೀನ್ರೀ, ಅತ್ತಿ ಅಲ್ಲ!” ಎಂದು ಅವನು ಕೂಗುವುದು ಕೇಳಿಸಿತು. ನಾನು ನಕ್ಕು ನಕ್ಕು ಅತ್ತುಬಿಟ್ಟೆ.

ಈಗ ನೆನೆಸಿಕೊಂಡರೆ, ನನ್ನ ದನಿ ಕೇಳಿ ಅವನಿ ಕಣ್ಣು ಬಿಟ್ಟು ನನ್ನನ್ನು ನೋಡಿದ್ದು ಸ್ಪಷ್ಟವಾಗಿ ಕಾಣುತ್ತದೆ. ಅವಳು ಗಾಢ ನಿದ್ದೆಯಲ್ಲಿದ್ದಳು ಎನ್ನುತ್ತಾನೆ ತಮ್ಮ. ಪರದೆ ತುಂಬ ಕಿವಿಯೇ ಇದ್ದಮೇಲೆ ನನಗೆ ಕಣ್ಣು ಕಂಡದ್ದಾದರೂ ಹೇಗೆ? ಬಹುಶಃ ಅವನು ಹೇಳುವುದೇ ಸರಿ.

ಶಮ್ಶಾದಕ್ಕ ಮಾತ್ರ ಇವತ್ತಿಗೂ, “ನಾ ಎಲ್ಲಿ ಗುದ್ದೀನ್ರಿ, ಹಗೂರಕ ಮುಟ್ಟೀನಷ್ಟ” ಎಂದು ವಾದಿಸುತ್ತಾರೆ. ಆ ಒಂದು ವಿಷಯದಲ್ಲಿ ನನ್ನ ನೆನಪನ್ನು ನಾನು ಪೂರ್ತಿ ನಂಬುತ್ತೇನೆ.