ನಡುವೆ ಕತ್ತಲಿರುವ ಬೆಳಕು

ಗೆಳೆಯರೇ, ಇವತ್ತು ಬೆಳಿಗ್ಗೆ ಹೊನ್ನವಳ್ಳಿಯ ಮನೆಯಲ್ಲಿ ಅವ್ವನ ಮೇಲೆ ರೇಗಿಬಿಟ್ಟೆ. ನಾನು ಬಂದಾಗಿನಿಂದ ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಮಾತಾಡುತ್ತಿದ್ದಳು.

"ಏನವ್ವ ನಿನ್ ಕೋಪ? ನನ್ ಮುಖ ನೋಡಿ ಮಾತಾಡು" ಅಂದೆ.

"ಕೋಪ ಏನಿಲ್ಲ ಕಣೇ" ಎಂದು ಅವಳು ಅಟ್ಟದಿಂದ ಇಳಿಸಿದ್ದ ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಒಣಗಿದ ಕೊಬ್ಬರಿ ಸದ್ದು ಮಾಡಿದ ಕಾಯಿಗಳನ್ನು ಬೇರೆ ಇಡುತ್ತ ಕೂತಳು.

ಅಷ್ಟರಲ್ಲಿ ಚಿಕ್ಕಪ್ಪ ಬಂದು, ನಾನು ಸೇರಿರುವ ಲೇಸರ್ ಲ್ಯಾಬಿನಲ್ಲಿ ಏನು ಕೆಲಸ ಎಂದು ಕೇಳಿದರು. ಪೆನ್ನಿನ ಗಾತ್ರದ ಸೆಮಿಕಂಡಕ್ಟರ್ ಲೇಸರ್ ಬ್ಯಾಗಿನಲ್ಲೇ ಇತ್ತು. ಬೆಳಕನ್ನು ತಿರುಚುವ ಗಾಜಿನ ಬಿಲ್ಲೆಯನ್ನು ಅದರ ಮುಂದೆ ಹಿಡಿದು, ಅಟ್ಟದ ಕೆಳಗಿನ ಗೋಡೆಗೆ ಬೆಳಕು ಬಿಟ್ಟೆ. ಕೆಂಪು ಬಳೆಯೊಂದು ಮೂಡಿತು.

"ನಡುವೆ ಬೆಳಕೇ ಇಲ್ಲ, ಕೆಟ್ಟೋಗೈತೆ ಕಣವ್ವ" ಅಂದರು ಚಿಕ್ಕಪ್ಪ.

"ಕೆಟ್ಟಿಲ್ಲ ಚಿಕ್ಕಪ್ಪ. ನಡುವೆ ಕತ್ಲು ಬರೋ ಹಂಗೆ ಮಾಡೋದೇ ನಮ್ ಕೆಲಸ."

ಅವ್ವ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು.

"ನಂಗೆ ಎಲ್ಲಾ ಹಿಂಗೇ ಕಾಣೋದು. ನೇರ ನೋಡಿದ್ರೆ ನಿನ್ ಮುಖ ಇರೋ ಜಾಗದಲ್ಲಿ ಕತ್ಲು. ಪಕ್ಕಕ್ಕೆ ತಿರುಗಿದ್ರೆ ಒಸಿ ಕಾಣ್ತೀಯ."

ಕಾಯಿಯನ್ನು ಕಿವಿಯಿಂದಲೇ ಆರಿಸುವ ಮನೆಯಲ್ಲಿ, ಅವಳ ಕಣ್ಣು ಹೋಗುತ್ತಿರುವುದು ಯಾರಿಗೂ ಗೊತ್ತಾಗಿರಲಿಲ್ಲ.

ನಾಳೆಯೇ ತಿಪಟೂರಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸೋಣ ಎಂದೆ. ಅವ್ವ ಮುಖ ಪಕ್ಕಕ್ಕೆ ತಿರುಗಿಸಿ, ಚೆನ್ನಾಗಿ ನನ್ನನ್ನು ನೋಡಿದಳು.

"ನಿನ್ ಲೈಟು ಕೆಟ್ಟಿಲ್ಲ ಅಂದ್ಯಲ್ಲ. ಹಂಗಾದ್ರೆ ನನ್ ಕಣ್ಣೂ ಕೆಟ್ಟಿಲ್ಲ ಬುಡು."