ಟಿಟ್ಟಿಭದ ಗೂಡಿಗೆ ಸುಣ್ಣದ ಕಲ್ಲು

ದೊಡ್ಡಬಸಮ್ಮನ ಸಿಟ್ಟು ಕುರುಗೋಡಿನ ಸೀಮೆಯಲ್ಲೆಲ್ಲ ಹೆಸರುವಾಸಿ. ಕರೇಕಲ್ಲು ಕೆರೆಯನ್ನು ಹಕ್ಕಿಗಳಿಗೆಂದು ಕಾಯ್ದಿರಿಸಿ ಫಲಕ ನೆಟ್ಟ ವರ್ಷವೇ ಅವಳು ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟು ಕಾವಲಿಗೆ ಸೇರಿದಳು. ಈ ಏಳು ವರ್ಷದಲ್ಲಿ ಅವಳಿಂದ ಬೈಸಿಕೊಳ್ಳದೆ ದಂಡೆಯಲ್ಲಿ ಬಾಟಲಿ ಎಸೆದವರಿಲ್ಲ.

ಟಿಟ್ಟಿಭದ ಹತ್ತಿರ ಮಾತ್ರ ಅವಳ ದನಿ ತಗ್ಗುತ್ತಿತ್ತು. ಆ ಹಕ್ಕಿ ಬರಿ ನೆಲದಲ್ಲಿ, ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆ ಇಡುತ್ತದೆ. ಬಿಸಿಲೇರಿದರೆ ಎದೆಗರಿ ತೋಯಿಸಿಕೊಂಡು ಬಂದು ಅವುಗಳ ಮೇಲೆ ಕೂರುತ್ತದೆ. ಕುರಿ ತುಳಿಯದಿರಲೆಂದು ದೊಡ್ಡಬಸಮ್ಮ ಪ್ರತಿ ಗೂಡಿನ ಸುತ್ತ ಸುಣ್ಣ ಬಳಿದ ಐದು ಕಲ್ಲು ಇಡುತ್ತಿದ್ದಳು. ಅವಳಪ್ಪ ಹೊಲದಲ್ಲಿ ಹಾಗೆಯೇ ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಕೈ ಮುಗಿಯುತ್ತಿದ್ದ. ಕುರಿಗಾರರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಬಿಳಿ ಕಲ್ಲು ಕಂಡರೆ ಮಂದೆಯನ್ನು ಬಳಸಿಕೊಂಡು ಹೋಗುತ್ತಿದ್ದರು.

ಈ ಬೇಸಿಗೆಯಲ್ಲಿ ಇದ್ದದ್ದು ಎರಡೇ ಗೂಡು. ಒಂದು ಭಾನುವಾರ ಅವಳು ಆಚೆ ದಂಡೆಯಲ್ಲಿ ಬಲೆ ಹಾಕುವವರನ್ನು ಅಟ್ಟುತ್ತಿದ್ದಾಗ ಟಿಟ್ಟಿಭದ ಅರಚಾಟ ಕೇಳಿಸಿತು. ಓಡಿ ಬಂದಳು. ಬಳ್ಳಾರಿಯ ಬ್ಯಾಂಕ್ ಗುಮಾಸ್ತ ಸುಜಯೀಂದ್ರ ಮೂವರು ಗೆಳೆಯರೊಡನೆ ಗೂಡಿನ ಪಕ್ಕದಲ್ಲೇ ಕೊಡೆ ನೆಟ್ಟು, ಮೊಳದುದ್ದದ ಲೆನ್ಸ್ ಹಿಡಿದು ಕೂತಿದ್ದ.

“ಎಷ್ಟೊತ್ತಾತ್ರಿ ಕುಂತು?”

“ಎರಡು ತಾಸಾತಮ್ಮ. ಹಕ್ಕಿ ಬಂದು ಕೂಡ್ಲಿ ಅಂತ ಕಾಯ್ತಿದೀವಿ. ಮೊಟ್ಟೆ ಮಾತ್ರ ಒಂದೂ ಮುಟ್ಟಿಲ್ಲ ನೋಡ್ರಿ.”

ಅವಳು ಬಗ್ಗಿ ಒಂದು ಮೊಟ್ಟೆ ಎತ್ತಿ ಅವನ ಅಂಗೈಯಲ್ಲಿಟ್ಟಳು. ಅವನು ಬೆಚ್ಚಿ ಕೈ ಕೊಡವಲು ಹೋದ.

“ಹಿಡ್ಕಳ್ರಿ! ಸುಡ್ತೈತೇನು? ನಿಮಗ ಕೊಡಿ ಐತಿ. ಅದಕ್ಕ ಅವ್ವನ ಹೊಟ್ಟಿ ಬಿಟ್ರ ನೆಳ್ಳಿಲ್ಲ. ಆ ಅವ್ವನ್ನ ಎರಡು ತಾಸು ಹೊರಗ ನಿಂದ್ರಿಸಿ ಮುಟ್ಟಿಲ್ಲ ಅಂತೀರಿ!”

ಸುಜಯೀಂದ್ರನ ಮುಖ ಕಪ್ಪಿಟ್ಟಿತು. “ನಮಗ ಗೊತ್ತಿರ್ಲಿಲ್ಲಮ್ಮ.”

“ಗೂಡು ಹೆಂಗ ಗೊತ್ತಾತು?”

“ನೀವೇ ಬಿಳಿ ಕಲ್ಲು ಇಟ್ಟೀರಲ್ಲ! ಅದನ್ನ ಹುಡುಕ್ರಿ ಅಂತ ನಮ್ಮ ಗ್ರೂಪಿಗೂ ಹಾಕೀನಿ. ಮುಂದಿನ ಭಾನುವಾರ ಇಪ್ಪತ್ತು ಮಂದಿ ಬರ್ತಾರ.”

ಅವರ ಕಾರು ಕೆರೆಯ ಏರಿ ದಾಟುವವರೆಗೂ ಅವಳು ಬೈದಳು. ಆಮೇಲೆ ಬೈಯಲು ಉಳಿದವಳು ತಾನೊಬ್ಬಳೇ. ಈ ಗೂಡಿನ ಮೊಟ್ಟೆ ಬಿಸಿಲಿಗೆ ಬೆಂದಿದ್ದವು. ಎರಡನೆಯ ಗೂಡಿನ ಐದು ಕಲ್ಲು ಏರಿಯ ಮೇಲಿಂದಲೇ ಹಲ್ಲು ಕಿರಿದಂತೆ ಹೊಳೆಯುತ್ತಿದ್ದವು. ತೆಗೆದರೆ ಕುರಿಗಾರ ಪಕ್ಕೀರಪ್ಪನ ಇನ್ನೂರು ಕುರಿ ತುಳಿಯುತ್ತವೆ. ಬಿಟ್ಟರೆ ಇವರು ಬಂದು ಕೂರುತ್ತಾರೆ.

ಮರುದಿನ ಸುಣ್ಣದ ಬಕೀಟು ತಂದಳು. ಶನಿವಾರದ ತನಕ ದಂಡೆಯುದ್ದಕ್ಕೂ ಕಂಡ ಕಂಡ ಕಲ್ಲಿಗೆಲ್ಲ ರಪರಪನೆ ಬಳಿದಳು. ಸುಣ್ಣಕ್ಕೆ ಬೆರಳು ಬಿರಿದವು.

ಪಕ್ಕೀರಪ್ಪ ಮಂದೆ ನಿಲ್ಲಿಸಿ ಬಾಯಿ ಬಿಟ್ಟ. “ಏನ್ ದೊಡ್ಡಬಸಕ್ಕ, ಊರ ಪಾಂಡವ್ರನ್ನೆಲ್ಲ ಇಲ್ಲೇ ಕುಂದ್ರಿಸೀಯಲ್ಲ! ನನ್ನ ಕುರಿ ಎಲ್ಲಿ ಕಾಲಿಡಬೇಕು?”

“ಮರಿ ಆಗೋಮಟ ಆ ಕಡಿ ಮೇಸಲೇ. ಸಾಯಂಗಿಲ್ಲ ನಿನ್ನ ಕುರಿ.”

ಗೊಣಗುತ್ತಲೇ ಅವನು ಮಂದೆ ತಿರುಗಿಸಿದ.

ಭಾನುವಾರ ಇಪ್ಪತ್ತು ಮಂದಿ ಬಂದು ಏರಿಯ ಮೇಲೆ ನಿಂತರು. ಕೆಳಗೆ ಎತ್ತ ನೋಡಿದರೂ ಬಿಳಿ ಕಲ್ಲು. ಇಳಿಯುವ ದಾರಿಗೆ ಅಡ್ಡವಾಗಿ, ಮೊಣಕಾಲ ಮೇಲೆ ಕೋಲಿಟ್ಟುಕೊಂಡು ದೊಡ್ಡಬಸಮ್ಮ ಕೂತಿದ್ದಳು.

“ಗೂಡು ಯಾವ ಕಡೆ ಅದ ಅಮ್ಮಾ?” ಸುಜಯೀಂದ್ರ ಮೆಲ್ಲಗೆ ಕೇಳಿದ.

ತನ್ನ ಕಣ್ಣೇ ಎಲ್ಲಿ ಗುಟ್ಟು ಬಿಟ್ಟುಕೊಡುವುದೋ ಎಂದು, ಅವರು ಹೋಗುವ ತನಕ ಅವಳು ಒಮ್ಮೆಯೂ ಗೂಡಿನ ಕಡೆ ತಿರುಗಲಿಲ್ಲ. ಅವನ ಮುಖವನ್ನೇ ದುರುಗುಟ್ಟಿ ನೋಡುತ್ತ ಕೂತಳು.